ಮಗುವಿನ ಪಕ್ಕದ ಸೀಟು

ಮುಂದಿನ ತಿಂಗಳು ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಹೊರಡುತ್ತಿದ್ದೇವೆ, ವಿಮಾನದ ಟಿಕೆಟ್ ತೆಗೆಯುವಾಗ ಒಟ್ಟಿಗೆ ಕೂರಲು ಬೇರೆ ದುಡ್ಡು ಕೇಳುತ್ತಿದ್ದಾರೆ, ಕಟ್ಟಬೇಕಾ ಅಕ್ಕ, ಸುಮ್ಮನಿದ್ದರೆ ಅವರೇ ಕೂರಿಸುತ್ತಾರಾ ಅಂತ ಕೇಳಿದ್ದೀಯ. ಜೊತೆಗೆ ಲಗೇಜು, ಸ್ಕೂಲು, ಚಳಿ. ಅವನ್ನು ಬೇಗ ಮುಗಿಸುತ್ತೇನೆ. ಲಗೇಜು ಕಮ್ಮಿ ತಾ, ಎಲ್ಲ ಇಲ್ಲಿ ಸಿಗುತ್ತದೆ. ಮಕ್ಕಳ ಲಸಿಕೆ ಕಾರ್ಡು, ಸ್ಕೂಲಿನ ಕಾಗದಪತ್ರ ಕೈಚೀಲದಲ್ಲೇ ಇರಲಿ. ಚಳಿಗೆ ಮಕ್ಕಳು ನಮಗಿಂತ ಬೇಗ ಒಗ್ಗಿಕೊಳ್ಳುತ್ತಾರೆ. ಮಿಕ್ಕಿದ್ದು ಬಂದ ಮೇಲೆ ತಾನಾಗಿ ಗೊತ್ತಾಗುತ್ತದೆ.

ಸೀಟಿನ ವಿಷಯ ಮಾತ್ರ ಹಾಗೆ ತೇಲಿಸಿ ಬಿಡಲಾರೆ.

ನಾನು ಬಂದಾಗ ಮಗಳಿಗೆ ನಾಲ್ಕು ವರ್ಷ, ಮಗ ಮಡಿಲ ಕೂಸು. ಸೀಟಿನ ಶುಲ್ಕ ನೋಡಿ, ಇಷ್ಟು ಚಿಕ್ಕ ಮಗುವನ್ನು ಯಾರು ಬೇರೆ ಕೂರಿಸುತ್ತಾರೆ, ಅಲ್ಲಿ ಹೋಗಿ ಕೇಳಿದರಾಯಿತು ಅಂದುಕೊಂಡೆವು. ಬೋರ್ಡಿಂಗ್ ಪಾಸ್ ಕೈಗೆ ಬಂದಾಗ ನನಗೆ 19ನೇ ಸಾಲು, ನಮ್ಮವರಿಗೆ 24, ಮಗಳಿಗೆ 31, ಅದೂ ನಡುವಿನ ಸೀಟು. ಕೌಂಟರಿನವರು ಗೇಟಿನಲ್ಲಿ ಕೇಳಿ ಅಂದರು, ಗೇಟಿನವರು ಒಳಗೆ ಕೇಳಿ ಅಂದರು, ಒಳಗಿನವರು ಟೇಕಾಫ್ ಆಗಲಿ ನೋಡೋಣ ಅಂದರು. ಮಗಳ ಪಕ್ಕ ಓಡಾಡುವ ದಾರಿಯ ಕಡೆ ಕೂತಿದ್ದವರು, ದುಡ್ಡು ಕೊಟ್ಟು ತೆಗೆದುಕೊಂಡ ಸೀಟು, ಏಳುವುದಿಲ್ಲ ಅಂದುಬಿಟ್ಟರು.

ಬೆಲ್ಟ್ ಹಾಕಿಕೊಂಡು, ಕೂಸನ್ನು ಅವುಚಿಕೊಂಡು ಹಿಂದಕ್ಕೆ ಕತ್ತು ತಿರುಗಿಸಿದರೆ ಅವಳು ಕಾಣುತ್ತಲೇ ಇರಲಿಲ್ಲ. ಅಷ್ಟು ಪುಟ್ಟವಳು. ಕಾಣುತ್ತಿದ್ದದ್ದು ಅವಳ ಸಾಲಿನ ಮೇಲೆ, ಸಿಬ್ಬಂದಿಯನ್ನು ಕರೆಯಲು ಗುಂಡಿ ಒತ್ತಿದಾಗ ಹತ್ತುವ ದೀಪ. ಹತ್ತುತ್ತಿತ್ತು, ಯಾರೋ ಬಂದು ಆರಿಸುತ್ತಿದ್ದರು, ಮತ್ತೆ ಹತ್ತುತ್ತಿತ್ತು. ಅವಳು ಅಳುತ್ತಿದ್ದಾಳೋ ಇಲ್ಲವೋ ಅಂತ ಆ ದೀಪ ನೋಡಿಯೇ ಊಹಿಸಬೇಕಿತ್ತು.

ಸುಮಾರು ಒಂದು ಗಂಟೆಯ ಮೇಲೆ, ಅವಳ ಇನ್ನೊಂದು ಪಕ್ಕ ಕಿಟಕಿಯ ಹತ್ತಿರವಿದ್ದ ವಯಸ್ಸಾದ ಹೆಂಗಸೊಬ್ಬರು ತಾವಾಗಿ ಎದ್ದು ನಮ್ಮವರಿಗೆ ಜಾಗ ಬಿಟ್ಟುಕೊಟ್ಟು, ತಾವು 24ರ ನಡುವಿನ ಸೀಟಿಗೆ ಹೋದರು. ರಾತ್ರಿ ಕೂಸನ್ನೆತ್ತಿಕೊಂಡು ಓಡಾಡುವಾಗ ನೋಡಿದೆ. ಇಬ್ಬರು ದಢೂತಿ ಗಂಡಸರ ನಡುವೆ ಮೊಣಕೈ ಒಳಗೆಳೆದುಕೊಂಡು, ಮಂಡಿ ನೀವಿಕೊಳ್ಳುತ್ತಾ ಎಚ್ಚರವಾಗಿಯೇ ಕೂತಿದ್ದರು. ನಾನು ಮಾತಾಡಿಸಲಿಲ್ಲ. ಇಳಿಯುವಾಗ ಹೇಳೋಣ ಅಂದುಕೊಂಡೆ, ನೂಕುನುಗ್ಗಲಿನಲ್ಲಿ ಅವರು ಮುಂದೆ ಹೋಗಿಬಿಟ್ಟರು. ಸೀಟು ಬಿಡದವರ ಮೇಲೆ ವರ್ಷಗಟ್ಟಲೆ ಸಿಟ್ಟಿತ್ತು, ಈಗಿಲ್ಲ. ನಾವು ಉಳಿಸಿದ ದುಡ್ಡಿಗೆ ಆ ಹೆಂಗಸು ರಾತ್ರಿಯಿಡೀ ಮಂಡಿ ಹಿಡಿದುಕೊಂಡು ಕೂರಬೇಕಾಯಿತಲ್ಲ, ಅದು ಮಾತ್ರ ಇನ್ನೂ ಹೋಗಿಲ್ಲ.

ಹಾಗಂತ ಕಂಪನಿಯವರು ದುಡ್ಡು ಕೇಳುವುದು ಸರಿ ಅನ್ನುತ್ತಿಲ್ಲ. ಕಿಟಕಿ ಬೇಕು, ಕಾಲು ಚಾಚಲು ಜಾಗ ಬೇಕು ಅಂದರೆ ಕೇಳಲಿ, ಕೊಡೋಣ. ಪುಟ್ಟ ಮಗುವಿನ ಪಕ್ಕ ಅದರ ಮನೆಯವರು ಇರಬೇಕಾದ್ದಕ್ಕೆ ಬೆಲೆ ಕಟ್ಟಬಾರದು. ಆಮ್ಲಜನಕದ ಮಾಸ್ಕ್ ಬಿದ್ದರೆ ಮೊದಲು ನೀವು ಹಾಕಿಕೊಂಡು ಆಮೇಲೆ ಮಗುವಿಗೆ ಹಾಕಿ ಅಂತ ಹೇಳಿಕೊಡುವವರೂ ಅವರೇ. ಹನ್ನೆರಡು ಸಾಲಿನಾಚೆ ಕೂತ ಮಗುವಿಗೆ ಯಾರು ಹಾಕಬೇಕು? ತುರ್ತಾಗಿ ಇಳಿಯಬೇಕಾಗಿ ಬಂದರೆ ನಾನಂತೂ ಹತ್ತಿರದ ಬಾಗಿಲಿಗೆ ಹೋಗುತ್ತಿರಲಿಲ್ಲ, ಜನರನ್ನು ತಳ್ಳಿಕೊಂಡು ಹಿಂದಕ್ಕೆ ಓಡುತ್ತಿದ್ದೆ.

ಈಗ ಕೆಲವು ದೇಶಗಳಲ್ಲಿ ನಿಯಮವೇ ಬಂದಿದೆ. ಕೆನಡಾದಲ್ಲಿ 2019ರ ಡಿಸೆಂಬರಿನಿಂದ 14 ವರ್ಷದೊಳಗಿನ ಮಕ್ಕಳನ್ನು ಹೆಚ್ಚಿನ ದುಡ್ಡಿಲ್ಲದೆ ಹೆತ್ತವರ ಹತ್ತಿರ ಕೂರಿಸಬೇಕು. 5 ವರ್ಷದೊಳಗಿದ್ದರೆ ಪಕ್ಕದಲ್ಲೇ, 5ರಿಂದ 11ರವರೆಗೆ ಅದೇ ಸಾಲಿನಲ್ಲಿ, ನಡುವೆ ಒಂದು ಸೀಟಿಗಿಂತ ಹೆಚ್ಚು ಅಂತರ ಇರಬಾರದು. ನಿನ್ನ ಮಗನಿಗೆ ಐದು ತುಂಬಿದೆ ಅಂದೆಯಲ್ಲ, ನಡುವೆ ಬೇರೆಯವರು ಬರಬಹುದು, ನೆನಪಿರಲಿ. ಭಾರತದಲ್ಲಿ 2024ರ ಏಪ್ರಿಲ್‌ನಲ್ಲಿ ವಿಮಾನ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಡಿಜಿಸಿಎ, 12 ವರ್ಷದವರೆಗಿನ ಮಕ್ಕಳಿಗೆ ಅದೇ ಪಿಎನ್‌ಆರ್‌ನಲ್ಲಿರುವ, ಅಂದರೆ ಅದೇ ಬುಕಿಂಗ್ ನಂಬರಿನಲ್ಲಿರುವ ಅಪ್ಪ ಅಮ್ಮಂದಿರಲ್ಲಿ ಒಬ್ಬರ ಜೊತೆಗಾದರೂ ಸೀಟು ಕೊಡಬೇಕು ಅಂದಿತು. ಅಮೆರಿಕದಲ್ಲಿ ಅದೇ ವರ್ಷ ಆಗಸ್ಟಿನಲ್ಲಿ, 13 ವರ್ಷದವರೆಗಿನ ಮಕ್ಕಳ ಪಕ್ಕ ಕೂರಲು ಶುಲ್ಕ ಕೇಳಬಾರದು ಅನ್ನುವ ಪ್ರಸ್ತಾವವನ್ನು ಸಾರಿಗೆ ಇಲಾಖೆ ಮುಂದಿಟ್ಟಿತ್ತು.

ಅದಕ್ಕೇ ಹೇಳುತ್ತೇನೆ, ನಾಲ್ಕೂ ಜನರ ಟಿಕೆಟ್ ಒಂದೇ ಪಿಎನ್‌ಆರ್‌ನಲ್ಲಿ ತೆಗೆ. ಆಫರ್ ಸಿಕ್ಕಿತು ಅಂತ ಎರಡು ಮಾಡಬೇಡ. ತೆಗೆದ ದಿನವೇ ಕಂಪನಿಗೆ ಫೋನ್ ಮಾಡಿ ಮಕ್ಕಳ ವಯಸ್ಸು ಹೇಳಿ, ನಿಯಮ ಇದೆಯಲ್ಲ ಅಂತ ಕೇಳು, ಸಂಕೋಚ ಪಡಬೇಡ. ಸೀಟ್ ನಂಬರು ಈಮೇಲಿನಲ್ಲಿ ಬರಬೇಕು. ಬರಲಿಲ್ಲವಾ, ಕಟ್ಟಿಬಿಡು ಕಣಮ್ಮ, ಜಗಳವನ್ನು ನೀನಿಲ್ಲಿಗೆ ಬಂದ ಮೇಲೆ ಆಡೋಣ. ನಾಲ್ಕು ಸೀಟು ಒಟ್ಟಿಗೆ ಸಿಗದಿದ್ದರೂ ಪರವಾಗಿಲ್ಲ, ಒಂದೊಂದು ಮಗುವಿನ ಪಕ್ಕ ಒಬ್ಬೊಬ್ಬರು ಇದ್ದರೆ ಸಾಕು. ನಡುವೆ ವಿಮಾನ ಬದಲಿಸುವುದಿದ್ದರೆ ಎರಡನೆಯದನ್ನು ಬೇರೆ ಕಂಪನಿ ಓಡಿಸುತ್ತಿರಬಹುದು, ಅದರ ಸೀಟು ಬೇರೆಯಾಗಿ ವಿಚಾರಿಸು. ಹೊರಡುವ ಹಿಂದಿನ ದಿನ ಇನ್ನೊಮ್ಮೆ ನೋಡು, ವಿಮಾನ ಬದಲಾದರೆ ಸೀಟೂ ಅದಲುಬದಲಾಗುತ್ತದೆ.

ಇಷ್ಟೆಲ್ಲ ಮಾಡಿಯೂ ಯಾರಾದರೂ ಎದ್ದು ಜಾಗ ಬಿಟ್ಟುಕೊಡಬೇಕಾಗಿ ಬಂದರೆ, ಇಳಿಯುವವರೆಗೂ ಕಾಯಬೇಡ. ಆಗಲೇ ಅವರ ಸೀಟಿನ ಹತ್ತಿರ ಹೋಗಿ ಮಾತಾಡಿಸಿ ಬಾ.