ಎಲ್ಲರಿಗೂ ಸರ್ಕಾರವೇ ಚಿಕಿತ್ಸೆ ಕೊಡಬೇಕೇ? ಈ ವಾದದಲ್ಲಿ ಯಾರು ಸರಿ?

ಇಲ್ಲಿ ಎರಡು ಪ್ರಶ್ನೆ ಕಲಸಿಹೋಗಿವೆ. ಎಲ್ಲರಿಗೂ ಚಿಕಿತ್ಸೆ ಸಿಗಬೇಕು ಅನ್ನುವುದು ಒಂದು. ಆಸ್ಪತ್ರೆಯನ್ನು ಸರ್ಕಾರವೇ ನಡೆಸಬೇಕು ಅನ್ನುವುದು ಇನ್ನೊಂದು. ಬ್ರಿಟನ್ನಿನಲ್ಲಿ 1948ರಿಂದ ಎನ್‌ಎಚ್‌ಎಸ್ ಎಂಬ ರಾಷ್ಟ್ರೀಯ ಆರೋಗ್ಯ ಸೇವೆ ಇದೆ; ದುಡ್ಡು ತೆರಿಗೆಯದು, ಹೆಚ್ಚಿನ ಆಸ್ಪತ್ರೆಗಳೂ ಸರ್ಕಾರಿ ವ್ಯವಸ್ಥೆಯವೇ. ಕೆನಡಾದಲ್ಲಿ ಬಿಲ್ ಕಟ್ಟುವುದು ಸರ್ಕಾರ, ಆದರೆ ಹೆಚ್ಚಿನ ವೈದ್ಯರು ಸರ್ಕಾರಿ ನೌಕರರಲ್ಲ. ಜರ್ಮನಿಯಲ್ಲಿ 1883ರಲ್ಲೇ ಕಾರ್ಮಿಕರಿಗೆ ಕಡ್ಡಾಯ ಆರೋಗ್ಯ ವಿಮೆ ಬಂತು. ಇವತ್ತಿಗೂ ಅಲ್ಲಿ ಹೆಚ್ಚಿನವರ ಚಿಕಿತ್ಸೆಗೆ ಹಣ ಕೊಡುವುದು ನೌಕರರು, ಮಾಲೀಕರು ಕಟ್ಟುವ ವಂತಿಗೆಯಿಂದ ನಡೆಯುವ ವಿಮಾ ನಿಧಿಗಳೇ. ಈ ಮೂರನ್ನೂ ಒಂದೇ ಹೆಸರಿನಲ್ಲಿ ಕರೆದು ಜಗಳ ಆಡುವವರೇ ಜಾಸ್ತಿ.

ಹಾಗಾಗಿ ನನ್ನ ಉತ್ತರ: ಮೊದಲನೆಯದಕ್ಕೆ ಹೌದು, ಎರಡನೆಯದು ಕಡ್ಡಾಯವೇನಲ್ಲ.

ವಿರೋಧಿಸುವವರು ಸುಮ್ನೆ ಕೂಗಾಡುತ್ತಿಲ್ಲ. ಬಜೆಟ್ ಬಿಗಿಯಾದರೆ ಕಾಯುವ ಪಟ್ಟಿ ಬೆಳೆಯುತ್ತದೆ. ಬ್ರಿಟನ್, ಕೆನಡಾ ಎರಡೂ ಕಡೆ ಮಂಡಿ ಆಪರೇಷನ್‌ಗೆ ತಿಂಗಳುಗಟ್ಟಲೆ ಕಾಯುವವರಿದ್ದಾರೆ.

ಆದರೆ ಎಲ್ಲರನ್ನೂ ಒಳಗೆ ಸೇರಿಸಬೇಕು ಅನ್ನುವುದಕ್ಕೆ ಗಟ್ಟಿ ಕಾರಣವಿದೆ. ಇಷ್ಟವಿದ್ದವರು ಮಾತ್ರ ವಿಮೆ ಮಾಡಿಸಬಹುದು ಎಂದರೆ ಕಾಯಿಲೆ ಇರುವವರೇ ಮುಂದೆ ಬರುತ್ತಾರೆ. ಕಂಪನಿಗೆ ಖರ್ಚು ಹೆಚ್ಚಿ ಪ್ರೀಮಿಯಂ ಏರುತ್ತದೆ. ಆಗ ಗಟ್ಟಿಮುಟ್ಟಾದವರು ‘ನನಗ್ಯಾಕೆ?’ ಅಂತ ಬಿಟ್ಟುಹೋಗುತ್ತಾರೆ. ಪ್ರೀಮಿಯಂ ಮತ್ತೆ ಏರುತ್ತದೆ. ಇನ್ನು ಎದೆನೋವು ಬಂದವರು ನಾಲ್ಕು ಆಸ್ಪತ್ರೆಗಳ ರೇಟು ಹೋಲಿಸಿ ನೋಡುವುದಿಲ್ಲ ಅಲ್ವಾ? ಮಾರುಕಟ್ಟೆಯ ಪೈಪೋಟಿ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಖಾಸಗಿ ವಿಮೆಯನ್ನೇ ಹೆಚ್ಚು ನೆಚ್ಚಿಕೊಂಡ ಅಮೆರಿಕ ಜಿಡಿಪಿಯ ಸುಮಾರು 17% ಅನ್ನು ಆರೋಗ್ಯಕ್ಕೆ ಸುರಿಯುತ್ತದೆ, ಬ್ರಿಟನ್ ಸುಮಾರು 11%. ಅಷ್ಟಾದರೂ ಅಮೆರಿಕದಲ್ಲಿ 2 ಕೋಟಿಗೂ ಹೆಚ್ಚು ಜನರಿಗೆ ವಿಮೆಯೇ ಇಲ್ಲ.