ಮಾತ್ರೆ ಒಂದೇ, ಅಣ್ಣನ ಬಿಪಿ ಇಳಿಯಿತು, ಅಮ್ಮನದೇಕೆ ಇಳಿಯದು?

ಪ್ರಶ್ನೆ: ಬೆಂಗಳೂರಿನ ಕಂಪನಿಯೊಂದರಲ್ಲಿರುವ ನನ್ನ ಅಣ್ಣನೂ ಊರಿನಲ್ಲಿ ಕೂಲಿಗೆ ಹೋಗುವ ನಮ್ಮ ತಾಯಿಯೂ ಬಿಪಿಗೆ ಅಮ್ಲೋಡಿಪಿನ್ 5 ಮಿ.ಗ್ರಾಂ. ಮಾತ್ರೆಯನ್ನೇ ತೆಗೆದುಕೊಳ್ಳುತ್ತಾರೆ. ಅಣ್ಣನದು 130ರೊಳಗಿದೆ, ತಾಯಿಯದು ಆರು ತಿಂಗಳಿನಿಂದ 160ಕ್ಕಿಂತ ಕೆಳಗೆ ಬಂದಿಲ್ಲ. ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಬಿಪಿ ನೋಡಿ ಮಾತ್ರೆ ಕೊಡುತ್ತಾರೆ, ಆಶಾ ಕಾರ್ಯಕರ್ತೆ ಮನೆಗೆ ಬಂದು ವಿಚಾರಿಸುತ್ತಾರೆ. ವೈದ್ಯರ ಮುಖವನ್ನಂತೂ ತಾಯಿ ಕಂಡಿಲ್ಲ. ಇದು ಬಡವರಿಗೆಂದೇ ಮಾಡಿದ ಎರಡನೇ ದರ್ಜೆಯ ಚಿಕಿತ್ಸೆಯಲ್ಲವೇ?
– ಓದುಗರೊಬ್ಬರು, ರಾಯಚೂರು ಜಿಲ್ಲೆ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದುದೇ, ಆದರೆ ಅದು ತಿರುಗಬೇಕಾದುದು ವೈದ್ಯರೊಡನೆ ಇತರ ಸಿಬ್ಬಂದಿಯೂ ಸೇರಿ ಕೊಡುವ ತಂಡದ ಚಿಕಿತ್ಸೆಯ ಮೇಲಲ್ಲ. ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಕೈಸರ್ ಪರ್ಮನೆಂಟೆ ಎಂಬ ಸಂಸ್ಥೆ, ಆರೋಗ್ಯ ವಿಮೆಯಿರುವ ತನ್ನ ಸದಸ್ಯರಿಗೇ ಇಂಥ ವ್ಯವಸ್ಥೆ ಮಾಡಿತು: ರಕ್ತದೊತ್ತಡವಿರುವ ಎಲ್ಲರ ಪಟ್ಟಿ, ಎಲ್ಲ ವೈದ್ಯರಿಗೂ ಒಂದೇ ಚಿಕಿತ್ಸಾ ಕ್ರಮ, ಬಿಪಿ ನೋಡಿಸಿಕೊಳ್ಳಲು ವೈದ್ಯರ ಬದಲು ಸಹಾಯಕ ಸಿಬ್ಬಂದಿಯ ಬಳಿಗೆ ಶುಲ್ಕವಿಲ್ಲದ ಭೇಟಿ. 2001ರಲ್ಲಿ ಸುಮಾರು ಶೇ 44ರಷ್ಟು ಮಂದಿಯ ಬಿಪಿ ಹತೋಟಿಯಲ್ಲಿದ್ದರೆ, 2009ರ ಹೊತ್ತಿಗೆ ಅದು ಶೇ 80ಕ್ಕೆ ಏರಿತು. ಉಳ್ಳವರಿಗೂ ತಂಡವೇ ಬೇಕಾಯಿತು ಎಂದಾಯಿತಲ್ಲ.

ಅಣ್ಣನಿಗೂ ತಾಯಿಗೂ ಇರುವ ವ್ಯತ್ಯಾಸ ಬಹುಪಾಲು ಮಾತ್ರೆಯಲ್ಲಿಲ್ಲ, ಎರಡು ಭೇಟಿಗಳ ನಡುವಿನ ದಿನಗಳಲ್ಲಿದೆ. ಅಣ್ಣನ ಮನೆಯ ಹತ್ತಿರ ಔಷಧಿ ಅಂಗಡಿಯಿದೆ, ಆಸ್ಪತ್ರೆಗೆ ಹೋಗಲು ರಜೆಯಿದೆ. ತಾಯಿಗೆ ತಾಲ್ಲೂಕು ಆಸ್ಪತ್ರೆಯ ಸರದಿಯೆಂದರೆ ಒಂದು ದಿನದ ಕೂಲಿ ಹೋಯಿತೆಂದೇ ಅರ್ಥ. ನೋವಿಲ್ಲದ ಕಾಯಿಲೆಗಾಗಿ ಯಾರು ತಾನೇ ಕೂಲಿ ಬಿಟ್ಟಾರು? ಇಂಥವರನ್ನು ಕರೆಸಿಕೊಳ್ಳುವ ಬದಲು ಅವರಿದ್ದಲ್ಲಿಗೇ ಹೋದರೆ ಏನಾಗುತ್ತದೆಂಬುದನ್ನು ಲಾಸ್ ಏಂಜಲೀಸ್‌ನ ಕ್ಷೌರದಂಗಡಿಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ. 2018ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 52 ಅಂಗಡಿಗಳ 319 ಕಪ್ಪು ಗಂಡಸರಿದ್ದರು. ಕೆಲವು ಅಂಗಡಿಗಳಲ್ಲಿ ಕ್ಷೌರಿಕರು ಬುದ್ಧಿಮಾತು ಹೇಳಿ ವೈದ್ಯರನ್ನು ಕಾಣುವಂತೆ ಸೂಚಿಸಿದರು; ಉಳಿದವುಗಳಿಗೆ ತರಬೇತಾದ ಔಷಧತಜ್ಞರೇ ಬಂದು, ವೈದ್ಯರ ಒಪ್ಪಂದದಂತೆ ಮಾತ್ರೆ ಬರೆದು, ಬಿಪಿ ಇಳಿಯುವವರೆಗೆ ಪ್ರಮಾಣ ಹೊಂದಿಸಿದರು. ಆರು ತಿಂಗಳ ನಂತರ ಮೇಲಿನ ಅಂಕಿ ಮೊದಲ ಗುಂಪಿನಲ್ಲಿ ಸರಾಸರಿ 9ರಷ್ಟು, ಎರಡನೆಯದರಲ್ಲಿ 27ರಷ್ಟು ಇಳಿದಿತ್ತು. ಬುದ್ಧಿಮಾತು ಎರಡೂ ಕಡೆ ಇತ್ತು. ಔಷಧವನ್ನು ಬದಲಿಸುವ ಅಧಿಕಾರವುಳ್ಳವರು ಒಂದೇ ಕಡೆ ಇದ್ದರು.

ನಿಮ್ಮ ತಾಯಿಯ ವಿಷಯದಲ್ಲಿ ತಪ್ಪಿರುವುದೂ ಇಲ್ಲಿಯೇ ಎಂದು ನನಗನ್ನಿಸುತ್ತದೆ. 2017ರಲ್ಲಿ ಆರಂಭವಾದ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮವು ಮನೆಯ ಹತ್ತಿರವೇ ತಿಂಗಳ ಮಾತ್ರೆ ಸಿಗುವಂತೆ ಮಾಡುವುದರ ಜೊತೆಗೆ, ಬಿಪಿ 140/90ಕ್ಕಿಂತ ಕೆಳಗಿಳಿಯದಿದ್ದರೆ ಪ್ರಮಾಣ ಹೆಚ್ಚಿಸುವ ಅಥವಾ ಎರಡನೆಯ ಔಷಧ ಸೇರಿಸುವ ಮೆಟ್ಟಿಲುಗಳನ್ನೂ ಗೊತ್ತುಪಡಿಸಿದೆ. ತಾಯಿ ದಿನವೂ ಮಾತ್ರೆ ನುಂಗುತ್ತಿದ್ದರೂ ಆರು ತಿಂಗಳು 160ರಲ್ಲೇ ಇದ್ದರೆಂದರೆ ಯಾರೂ ಎರಡನೆಯ ಮೆಟ್ಟಿಲು ಹತ್ತಿಸಿಲ್ಲ. ಮಾತ್ರೆ ತಪ್ಪುತ್ತಿದೆಯೇ ಎಂಬುದನ್ನು ಮೊದಲು ಬೈಯದೆ ಕೇಳಿ. ಉಪ್ಪಿನಕಾಯಿ, ಹಪ್ಪಳ, ನೋವಿನ ಮಾತ್ರೆಗಳ ಬಗ್ಗೆಯೂ ವಿಚಾರಿಸಿ. ಅನಂತರ, ಬಿಪಿ ಬರೆದ ಚೀಟಿಗಳೊಡನೆ ಉಪಕೇಂದ್ರಕ್ಕೆ ಹೋಗಿ, ದೂರದ ವೈದ್ಯರ ಸಲಹೆ ಕೊಡಿಸುವ ಸರ್ಕಾರಿ ವ್ಯವಸ್ಥೆಯಾದ ಇ-ಸಂಜೀವಿನಿಯ ಮೂಲಕ ಅಲ್ಲಿಂದಲೇ ವೈದ್ಯರೊಡನೆ ಮಾತನಾಡಿಸುವಂತೆ ಸಮುದಾಯ ಆರೋಗ್ಯ ಅಧಿಕಾರಿಯನ್ನು ಕೇಳಿ. ಬಿಪಿ 180/110 ದಾಟಿದರೆ ಅದೇ ದಿನ ವೈದ್ಯರನ್ನು ಕಾಣಬೇಕು; ಎದೆನೋವು, ಉಸಿರಾಟದ ತೊಂದರೆ, ಮಾತಿನ ತೊದಲು ಅಥವಾ ಒಂದು ಕಡೆಯ ಕೈಕಾಲಿನ ನಿಶ್ಶಕ್ತಿ ಕಂಡರೆ ಉಪಕೇಂದ್ರಕ್ಕಲ್ಲ, ನೇರವಾಗಿ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ.

ಆಶಾ ಕಾರ್ಯಕರ್ತೆಯನ್ನು ಮಾತ್ರ ಹಗುರವಾಗಿ ಕಾಣಬೇಡಿ. ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾಗಳ 30 ಗ್ರಾಮೀಣ ಸಮುದಾಯಗಳಲ್ಲಿ ಇಂಥ ಕಾರ್ಯಕರ್ತರೇ ಮನೆಮನೆಗೆ ಹೋಗಿ ಬಿಪಿ ನೋಡಿ, ವೈದ್ಯರಿಗೆ ಜೋಡಿಸಿದಾಗ ಎರಡು ವರ್ಷಗಳಲ್ಲಿ ಉಳಿದ ಊರುಗಳಿಗಿಂತ ಸರಾಸರಿ 5 ಅಂಕಿ ಹೆಚ್ಚು ಇಳಿಯಿತು. ನಮ್ಮಲ್ಲಿ ಅದೇ ಕೆಲಸ ಮಾಡುವವರು ಹೆಚ್ಚಿನ ಗೌರವಧನಕ್ಕಾಗಿ 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಧರಣಿ ಕೂರಬೇಕಾಯಿತು.

ಪ್ರಶ್ನೆ: ಉಪಕೇಂದ್ರದಲ್ಲಿ 150 ಬಂದ ನನ್ನ ಬಿಪಿ ಮನೆಯಲ್ಲಿ 134 ಬರುತ್ತದೆ. ಯಾವುದನ್ನು ನಂಬಲಿ?
– ಓದುಗರೊಬ್ಬರು, ಹಾಸನ

ಉತ್ತರ: ನಡೆದು ಬಂದ ಕೂಡಲೇ, ಕಾಫಿ ಕುಡಿದು ಅರ್ಧ ಗಂಟೆಯಾಗುವುದರೊಳಗೆ, ಮೂತ್ರ ಕಟ್ಟಿಕೊಂಡು ಕುಳಿತಾಗ ಅಂಕಿ ಏರುತ್ತದೆ. ಐದು ನಿಮಿಷ ಬೆನ್ನು ಆನಿಸಿ, ಪಾದ ನೆಲಕ್ಕೂರಿ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಮಾತಾಡದೆ ಎರಡು ಬಾರಿ ನೋಡಿಸಿಕೊಳ್ಳಿ. ಆಗಲೂ ವ್ಯತ್ಯಾಸ ಉಳಿದರೆ ಒಂದು ವಾರ ಬೆಳಿಗ್ಗೆ, ಸಂಜೆ ಮನೆಯಲ್ಲಿ ನೋಡಿದ ಅಂಕಿಗಳನ್ನು ಬರೆದು, ಮಾಪನ ಯಂತ್ರವನ್ನೂ ಜೊತೆಗೊಯ್ದು ಉಪಕೇಂದ್ರದಲ್ಲಿ ತೋರಿಸಿ. ಅವರ ಯಂತ್ರದೊಡನೆ ಹೋಲಿಸಿ ನೋಡುವುದಕ್ಕೆ ಎರಡು ನಿಮಿಷ ಸಾಕು.