ಸೂತ್ರ ಸರಿ, ಷರತ್ತು ಎಲ್ಲಿ?

ನಮಸ್ಕಾರ.

ಸರಾಸರಿ ಬಗ್ಗೆ ಹೈಸ್ಕೂಲು ಮಕ್ಕಳಿಗಾಗಿ ನೀವು ತೀರ್ಥಹಳ್ಳಿಯಿಂದ ಕಳಿಸಿದ ಲೇಖನ ಓದಿದೆ. ಗಣಿತವನ್ನು ಕನ್ನಡದಲ್ಲಿ ಇಷ್ಟು ಆಸೆಯಿಂದ ಬರೆಯುವವರು ನಮಗೆ ಬೇಕು. ಆದರೆ ಈಗ ಇರುವ ಹಾಗೆ ಇದನ್ನು ಅಚ್ಚು ಹಾಕಲು ಆಗುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಸಂಖ್ಯೆಗಳ ಸಾಲಿನಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ಕೂಡಿಸಿ ಅರ್ಧ ಮಾಡಿದರೆ ಸರಾಸರಿ ಸಿಗುತ್ತದೆ ಎಂದು ಬರೆದಿದ್ದೀರಿ. ಯಾವ ಸಾಲಿಗೆ ಎಂದು ಹೇಳಲೇ ಇಲ್ಲ. ಪಕ್ಕಪಕ್ಕದ ಸಂಖ್ಯೆಗಳ ಅಂತರ ಎಲ್ಲ ಕಡೆ ಒಂದೇ ಇದ್ದರೆ ಇದನ್ನು ಕಣ್ಣುಮುಚ್ಚಿ ನಂಬಬಹುದು. ಇಲ್ಲದಿದ್ದರೆ ನಂಬುವ ಹಾಗಿಲ್ಲ. ಆಗುಂಬೆಯ ಮಳೆಯನ್ನೇ ನೋಡಿ. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಸುರಿಯುತ್ತದೆ, ಅಂದರೆ ತಿಂಗಳ ಸರಾಸರಿ 580 ದಾಟುತ್ತದೆ. ನಿಮ್ಮ ಸೂತ್ರ ಹಿಡಿದು ಜನವರಿಯನ್ನೂ ಡಿಸೆಂಬರನ್ನೂ ಕೂಡಿಸಿ ಅರ್ಧ ಮಾಡಿದರೆ? ಎರಡೂ ಒಣ ತಿಂಗಳುಗಳು. ಆಗುಂಬೆ ಬರಗಾಲದ ಊರಾಗಿಬಿಡುತ್ತದೆ. ಮಕ್ಕಳು ಇಂಥ ಲೆಕ್ಕವನ್ನು ಖಂಡಿತ ಮಾಡುತ್ತಾರೆ. ನೀವೇ ಹೇಳಿಕೊಟ್ಟಿರುತ್ತೀರಲ್ವಾ?

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಸೂತ್ರ ಯಾಕೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಒಂದು ಸಾಲೂ ಇಲ್ಲ. 7, 12, 17, 22, 27 ತೆಗೆದುಕೊಳ್ಳಿ. ಎರಡು ತುದಿ ಕೂಡಿಸಿದರೆ 34. ಎಡದಿಂದ ಒಂದು ಹೆಜ್ಜೆ ಒಳಗೆ ಬಂದರೆ 5 ಏರುತ್ತದೆ, ಬಲದಿಂದ ಒಂದು ಹೆಜ್ಜೆ ಒಳಗೆ ಬಂದರೆ 5 ಇಳಿಯುತ್ತದೆ. ಹಾಗಾಗಿ 12 ಮತ್ತು 22 ಕೂಡಿಸಿದರೂ 34. ನಡುವೆ ಒಂಟಿಯಾಗಿ ಉಳಿದ 17 ಅದರ ಅರ್ಧ. ಹೀಗೆ ಎರಡು ತುದಿಯಿಂದ ಯಾವ ಜೋಡಿ ಹಿಡಿದರೂ ಸರಾಸರಿ 17, ಒಟ್ಟು ಸಾಲಿನದೂ 17. ಮಗು ಇದನ್ನು ತಾನೇ ಕಂಡುಕೊಂಡರೆ ಸೂತ್ರ ಮರೆತರೂ ಚಿಂತೆ ಇಲ್ಲ, ಮತ್ತೆ ಕಟ್ಟಿಕೊಳ್ಳುತ್ತದೆ. ನನ್ನ ಪ್ರಕಾರ ಇಡೀ ಲೇಖನ ಇದರ ಮೇಲೆ ನಿಲ್ಲಬೇಕು. ಅರ್ಧ ಪುಟ ಬೇಕಾದರೂ ಕೊಡಿ.

ಸರಾಸರಿಯೂ ನಡುವಿನ ಸಂಖ್ಯೆಯೂ ಒಂದೇ ಬಂದರೆ ಅಂತರವೂ ಎಲ್ಲ ಕಡೆ ಒಂದೇ ಎಂದಿದ್ದೀರಿ. ಅದು ತಪ್ಪು. 1, 2, 6, 10, 11 ನೋಡಿ. ಮೊತ್ತ 30, ಸರಾಸರಿ 6, ನಡುವೆ ಕೂತಿರುವುದೂ 6. ಅಂತರ ಮಾತ್ರ 1, 4, 4, 1. ಮಾತನ್ನು ತಿರುಗಿಸಿ ಹಾಕುವ ಮುಂಚೆ ಒಂದು ಉದಾಹರಣೆ ಹಾಕಿ ಪರೀಕ್ಷಿಸಬೇಕು.

ಅಡಿಕೆ ತೋಟದ ಉದಾಹರಣೆ ನನಗೆ ತುಂಬ ಹಿಡಿಸಿತು. 9 ಅಡಿಗೊಂದು ಸಸಿ, 90 ಅಡಿ ಸಾಲು, ಎರಡೂ ತುದಿಯಲ್ಲಿ ಸಸಿ. ನೀವು 10 ಎಂದಿರಿ. ಗೂಟ ಹೊಡೆಯುವ ಆಳನ್ನು ಕೇಳಿದ್ದರೆ 11 ಅನ್ನುತ್ತಿದ್ದ. 10 ಇರುವುದು ಸಸಿಗಳಲ್ಲ, ನಡುವಿನ ಜಾಗಗಳು. ಮೊದಲ ಗೂಟ 0 ಅಡಿಯಲ್ಲಿ, ಕೊನೆಯದು 90ರಲ್ಲಿ, ನಡುವಿನದು 45ರಲ್ಲಿ, ಅದು ಆರನೆಯ ಸಸಿ. ಕೊನೆಯದರಿಂದ ಮೊದಲನೆಯದನ್ನು ಕಳೆದು, ಅಂತರದಿಂದ ಭಾಗಿಸಿ, ಒಂದು ಕೂಡಿಸಬೇಕು. ಆ ಒಂದು ಬಿಟ್ಟುಹೋದರೆ ಮೊತ್ತವೂ ಕೆಡುತ್ತದೆ, ಯಾಕೆಂದರೆ ಮೊತ್ತ ಅಂದರೆ ಸರಾಸರಿ ಗುಣಿಸು ಎಣಿಕೆ.

ಒಂದರ ಹಿಂದೆ ಒಂದು ಬರುವ ಸಂಖ್ಯೆಗಳ ಮೊತ್ತ ಅವುಗಳ ಎಣಿಕೆಯಿಂದ ಯಾವಾಗಲೂ ಭಾಗವಾಗುತ್ತದೆ ಎಂಬುದೂ ಅರ್ಧ ಸತ್ಯ. 4ರಿಂದ 8ರವರೆಗೆ ಐದು ಸಂಖ್ಯೆ, ಮೊತ್ತ 30, ಸರಿಹೋಯಿತು. 4ರಿಂದ 7ರವರೆಗೆ ನಾಲ್ಕು, ಮೊತ್ತ 22, ಭಾಗವಾಗಲಿಲ್ಲ. ಎಣಿಕೆ ಸಮಸಂಖ್ಯೆ ಆದಾಗ ನಡುವೆ ಯಾರೂ ಇಲ್ಲ, ಸರಾಸರಿ ಐದೂವರೆಗೆ ಹೋಗಿ ನಿಲ್ಲುತ್ತದೆ. ಆದರೆ 4, 6, 8, 10 ಆದರೆ ಮತ್ತೆ ಸರಿ, ಸರಾಸರಿ 7. ಅಂತರ ಸಮಸಂಖ್ಯೆ ಆಗಿದ್ದಕ್ಕೆ ಹೀಗಾಯಿತು. ಇದನ್ನು ಮಕ್ಕಳಿಗೆ ಪ್ರಶ್ನೆಯಾಗಿ ಕೊಡಿ, ಉತ್ತರ ಹೇಳಬೇಡಿ. ಸಾಲಾಗಿ ಬರುವ ಮೂರು ಸಂಖ್ಯೆಗಳ ಗುಣಲಬ್ಧ 6ರಿಂದ ಭಾಗವಾಗುತ್ತದೆ ಎಂಬ ಪ್ಯಾರಾ ಮಾತ್ರ ಚೆನ್ನಾಗಿದೆ. ಕಾರಣ ಸಮೇತ ಬರೆದಿದ್ದೀರಿ. ಮುಟ್ಟಬೇಡಿ.

ಮುಂದೆ ದೊಡ್ಡ ಗಣಿತಜ್ಞನಾದ ಜರ್ಮನಿಯ ಬಾಲಕ ಗಾಸ್ 1ರಿಂದ 100ರವರೆಗೆ ಥಟ್ಟನೆ ಕೂಡಿಸಿದ ಕತೆಯಿಂದ ಶುರುಮಾಡಿದ್ದೀರಿ. ಅದನ್ನು ಬಿಡಿ. ಗಾಸ್ ತೀರಿಹೋದ ಮರುವರ್ಷ, 1856ರಲ್ಲಿ, ಗೆಳೆಯ ಸಾರ್ಟೋರಿಯಸ್ ಬರೆದ ನೆನಪಿನಲ್ಲಿ ಆ 1 ಮತ್ತು 100 ಇಲ್ಲವೇ ಇಲ್ಲ. ಆಮೇಲಿನವರು ಸೇರಿಸಿದ್ದು. ಮೊತ್ತವೆಂದರೆ ಸರಾಸರಿ ಗುಣಿಸು ಎಣಿಕೆ ಎಂದು ಆರ್ಯಭಟ 499ರಲ್ಲೇ ಹೇಳಿದ್ದಾನೆ. ಅಮೋಘವರ್ಷ ನೃಪತುಂಗನ ಕಾಲದ ಗಣಿತಜ್ಞ ಮಹಾವೀರಾಚಾರ್ಯರೂ ಇಂಥ ಸಾಲುಗಳ ಲೆಕ್ಕ ಬರೆದಿದ್ದಾರೆ. ಒಬ್ಬರ ಹೆಸರು ಒಂದು ಸಾಲಿನಲ್ಲಿ ಬಂದರೆ ಸಾಕು, ಸುಮ್ನೆ ಇತಿಹಾಸ ತುಂಬಬೇಡಿ.

ಅಡಿಕೆ ಸಾಲಿನಿಂದ ಶುರುಮಾಡಿ, ಅಲ್ಲಿಂದ ಜೋಡಿಗಳಿಗೆ ಬನ್ನಿ, ಮಳೆಯಲ್ಲಿ ಸೂತ್ರ ಯಾಕೆ ಸೋಲುತ್ತದೆ ತೋರಿಸಿ. ಕೊನೆಯ ಅಭ್ಯಾಸದಲ್ಲಿ ಮೂರನೆಯ ಮತ್ತು ಐದನೆಯ ಉತ್ತರಗಳಲ್ಲೂ ಆ ‘ಒಂದು’ ಬಿಟ್ಟುಹೋಗಿದೆ. ಸರಿಮಾಡಿ ಕಳಿಸಿ, ನಾನೇ ಓದುತ್ತೇನೆ.